ಹಳೇ ಬೀಟಲ್ ಕಾರಿನ ಪ್ಲಾಸ್ಟಿಕ್ ಮಾದರಿ: ಗೀರು ಆಳವಾಗಿರಲಿ, ಬಣ್ಣ ತೆಳುವಾಗಿರಲಿ

1:24 ಅಳತೆಯ ಕಾರಿನಲ್ಲಿ ಬಾಗಿಲ ಸುತ್ತಲಿನ ಸಂದು ಎಷ್ಟಿರಬೇಕು? ನಿಜವಾದ ಕಾರಿನಲ್ಲಿ ಅದು ನಾಲ್ಕೈದು ಮಿಲಿಮೀಟರ್. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಸುಮಾರು 0.2 ಮಿ.ಮೀ. ಆ ಸಂದಿನ ಎರಡೂ ಅಂಚಿಗೆ 0.05 ಮಿ.ಮೀ. ಬಣ್ಣ ಕೂತರೆ ಅರ್ಧ ಸಂದು ಮುಚ್ಚಿಹೋಯಿತು. ಆಮೇಲೆ ಬಾಗಿಲು ಬಾಗಿಲಿನ ಹಾಗೆ ಕಾಣುವುದಿಲ್ಲ, ಮೇಲೆ ಗೀಚಿದ ಗೆರೆಯ ಹಾಗೆ ಕಾಣುತ್ತದೆ. ಎಷ್ಟೋ ಮಾದರಿಗಳು ಆಟದ ಸಾಮಾನಿನಂತೆ ಕಾಣುವುದಕ್ಕೆ ಮುಖ್ಯ ಕಾರಣ ಇದೇ. ಎಂಜಿನ್‌ಗೆ ಎಷ್ಟೇ ವೈರು ಎಳೆದಿರಲಿ, ಬಾಡಿಯ ಬಣ್ಣ ದಪ್ಪವಾಗಿದ್ದರೆ ನೋಡುವವರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ಬಾಡಿಗೇ ಹೆಚ್ಚು ಜಾಗ ಕೊಟ್ಟಿದೆ.

ಮೊದಲ ಕಾರಿಗೆ ಜಪಾನಿನ ಟಮಿಯಾ ಕಂಪನಿಯ 1:24ರ 1966ರ ವೋಕ್ಸ್‌ವಾಗನ್ 1300 ಬೀಟಲ್ ಒಳ್ಳೆಯ ಆಯ್ಕೆ. ಭಾಗಗಳು ಸರಿಯಾಗಿ ಕೂರುತ್ತವೆ, ಬಾಡಿ ಗುಂಡಗಿರುವುದರಿಂದ ಬಣ್ಣ ಸಮವಾಗಿ ಹರಡುತ್ತದೆ. ಮುಗಿದ ಮೇಲೆ ಉದ್ದ ಸುಮಾರು 17 ಸೆಂ.ಮೀ. ಅಮೆರಿಕದ ಹಳೇ ಕಾರುಗಳ ಕಿಟ್‌ಗಳು (ಜೋಡಿಸುವ ಬಿಡಿಭಾಗಗಳ ಡಬ್ಬಿಗಳು) ಹೆಚ್ಚಾಗಿ 1:25ರಲ್ಲಿ ಬರುತ್ತವೆ. 1957ರ ಶೆವ್ರೊಲೆ ಬೆಲ್ ಏರ್ ಆ ಅಳತೆಯಲ್ಲಿ 20 ಸೆಂ.ಮೀ. ದಾಟುತ್ತದೆ, ಕ್ರೋಮ್ ಕೆಲಸವೂ ದುಪ್ಪಟ್ಟು. ಅದನ್ನು ಎರಡನೆಯದಕ್ಕೋ ಮೂರನೆಯದಕ್ಕೋ ಇಟ್ಟುಕೊಳ್ಳಿ.

ಸಾಮಾನು ತುಂಬ ಬೇಕಿಲ್ಲ. ಚಪ್ಪಟೆ ಬಾಯಿಯ ನಿಪ್ಪರ್, 11ನೇ ನಂಬರಿನ ಬ್ಲೇಡ್ ಹಾಕುವ ಹಾಬಿ ಚಾಕು, 400ರಿಂದ 3000ದವರೆಗಿನ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಮರಳುಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು), ಎಕ್ಸ್‌ಟ್ರಾ ಥಿನ್ ಸಿಮೆಂಟ್ (ಪ್ಲಾಸ್ಟಿಕ್ ಅಂಟಿಸುವ ತೆಳು ಅಂಟು), 0.3ರಿಂದ 1 ಮಿ.ಮೀ.ವರೆಗಿನ ಡ್ರಿಲ್ ಬಿಟ್‌ಗಳು, ಅವುಗಳನ್ನು ಹಿಡಿಯಲು ಪಿನ್ ವೈಸ್, ಮಾಸ್ಕಿಂಗ್ ಟೇಪ್. ವಾಟರ್ ಪೇಪರ್, ಪುಟ್ಟಿ, ರಬ್ಬಿಂಗ್ ಕಾಂಪೌಂಡ್ ಮೈಸೂರಿನ ಯಾವ ಆಟೊ ಪೇಂಟ್ ಅಂಗಡಿಯಲ್ಲಾದರೂ ಸಿಗುತ್ತವೆ. ಸಿಮೆಂಟ್, ಮಾದರಿ ಬಣ್ಣ, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಕೂರಿಸುವ ದ್ರವ ಇವನ್ನು ಆನ್‌ಲೈನ್‌ನಲ್ಲಿ ತರಿಸಬೇಕು.

ಅಸಲಿ ಕಾರನ್ನು ಕಣ್ಣಾರೆ ನೋಡಿದರೆ ಅರ್ಧ ಕೆಲಸ ಆದಂತೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ಇರುವ ‘ಪಯಣ’ ಕಾರು ಮ್ಯೂಸಿಯಂ ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ. ಅಲ್ಲಿ ಯಾವ ಕಾರು ನೋಡಿದರೂ ಮೂರು ಸಂಗತಿ ಗಮನಿಸಿ: ಗಾಜಿನ ಸುತ್ತಲಿನ ರಬ್ಬರ್ ಎಲ್ಲಿ ಮುಗಿದು ಬೀಡಿಂಗ್ (ಅಂಚಿನ ತೆಳು ಪಟ್ಟಿ) ಎಲ್ಲಿ ಶುರುವಾಗುತ್ತದೆ, ಚಕ್ರದ ಮೇಲಂಚು ಮಡ್‌ಗಾರ್ಡ್‌ಗೆ ಎಷ್ಟು ಹತ್ತಿರ ಇದೆ, ಸೀಟಿನ ಬಟ್ಟೆಗೆ ಎಷ್ಟು ಹೊಳಪಿದೆ. ಕಿಟ್‌ನ ಸೂಚನೆ ಹಾಳೆಯಲ್ಲಿ ಇವು ಸ್ಪಷ್ಟವಾಗಿ ಸಿಗುವುದಿಲ್ಲ.

ಬಾಡಿಯ ತಯಾರಿ

ಡಬ್ಬಿ ತೆರೆದ ತಕ್ಷಣ ಟೈರುಗಳನ್ನೂ ಗಾಜಿನ ಭಾಗಗಳನ್ನೂ ಬೇರೆ ಬೇರೆ ಕವರಿಗೆ ಹಾಕಿ. ಮೆತ್ತನೆಯ ವಿನೈಲ್ ಟೈರಿನಲ್ಲಿರುವ ಪ್ಲಾಸ್ಟಿಸೈಜರ್ (ಅದನ್ನು ಮೆತ್ತಗಿಡುವ ರಾಸಾಯನಿಕ) ನಿಧಾನಕ್ಕೆ ಹೊರಗೆ ಜಿನುಗಿ, ತಾಗಿದ ಪಾಲಿಸ್ಟೈರೀನನ್ನು, ಅಂದರೆ ಕಿಟ್‌ನ ಪ್ಲಾಸ್ಟಿಕ್ಕನ್ನು, ಕರಗಿಸುತ್ತದೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಹಳೇ ಕಿಟ್‌ಗಳಲ್ಲಿ ವಿಂಡ್‌ಶೀಲ್ಡ್ ಮೇಲೆ ಟೈರಿನ ಅಚ್ಚು ಬಿದ್ದಿರುವುದು ಇದರಿಂದಲೇ.

ಉಳಿದ ಭಾಗಗಳನ್ನು ಅವು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸುವ ಮೊದಲು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆಯಿರಿ. ಅಚ್ಚಿನ ಎಣ್ಣೆ ಉಳಿದರೆ ಅಲ್ಲಿ ಬಣ್ಣ ಹಿಡಿಯದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಬಿಡಿಸುವಾಗ ಒಂದೇ ಏಟಿಗೆ ಅಂಚಿಗೆ ಕತ್ತರಿಸಬೇಡಿ. ಮೊದಲು 2 ಮಿ.ಮೀ. ದೂರದಲ್ಲಿ ಕತ್ತರಿಸಿ, ಆಮೇಲೆ ಉಳಿದ ತುಂಡನ್ನು ತೆಗೆಯಿರಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಕಿತ್ತು ಬಂದು ಹಳ್ಳವಾಗುತ್ತದೆ.

ಈಗ ಬಾಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಕೂದಲೆಳೆಯಷ್ಟು ಏಣು ಕಾಣುತ್ತದೆ. ಸಾಮಾನ್ಯವಾಗಿ ಮಡ್‌ಗಾರ್ಡ್ ನೆತ್ತಿಯ ಮೇಲೆ, ಕಿಟಕಿ ಕಂಬಗಳ ಉದ್ದಕ್ಕೆ. ಇದನ್ನು 600, ಆಮೇಲೆ 1000 ಪೇಪರಿನಿಂದ ನೀರು ಹಚ್ಚಿ ಉಜ್ಜಿ. ಬಿಟ್ಟರೆ ಹೊಳಪು ಬಣ್ಣದ ಕೆಳಗೆ ಅದು ಎದ್ದು ಕಾಣುವುದು ಖಂಡಿತ. ಪ್ಲಾಸ್ಟಿಕ್ ದಪ್ಪವಿರುವ ಕಡೆ ತಣ್ಣಗಾಗುವಾಗ ಕುಗ್ಗಿ ತಗ್ಗು ಬಿದ್ದಿದ್ದರೆ ಪುಟ್ಟಿ ತೆಳುವಾಗಿ ಎರಡು ಸಲ ಹಚ್ಚಿ. ಒಂದೇ ಸಲ ದಪ್ಪಗೆ ಮೆತ್ತಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಬಣ್ಣ ಹೊಡೆದ ಮೇಲೆ ಕುಗ್ಗುತ್ತದೆ.

ಬೀಟಲ್‌ನಲ್ಲಿ ಒಂದು ಎಚ್ಚರ. ಅಸಲಿ ಕಾರಿನಲ್ಲಿ ನಾಲ್ಕೂ ಮಡ್‌ಗಾರ್ಡ್‌ಗಳು ಬೋಲ್ಟ್ ಹಾಕಿ ಕೂರಿಸಿದವು, ಬಾಡಿಗೂ ಅವಕ್ಕೂ ನಡುವೆ ಬೀಡಿಂಗ್ ಪಟ್ಟಿ ಇರುತ್ತದೆ. ಆ ಸೇರುವೆಯನ್ನು ಪುಟ್ಟಿ ತುಂಬಿ ನುಣ್ಣಗೆ ಮಾಡಿದರೆ ಕಾರು ಬೀಟಲ್ ಆಗಿ ಉಳಿಯುವುದಿಲ್ಲ. ಅಲ್ಲಿ ಗೆರೆ ಚೂಪಾಗಿಯೇ ಇರಬೇಕು.

ಆಮೇಲೆ ಗೀರುಗಳು. ಬಾಗಿಲು, ಮುಂದಿನ ಡಿಕ್ಕಿ, ಹಿಂದಿನ ಎಂಜಿನ್ ಮುಚ್ಚಳ, ಇವುಗಳ ಸುತ್ತಲಿನ ಸಂದುಗಳಲ್ಲಿ ಚಾಕು ಬ್ಲೇಡಿನ ಬೆನ್ನನ್ನು ಹಗುರವಾಗಿ ಎಳೆಯಿರಿ. ಒತ್ತಬಾರದು. ನಾಲ್ಕೈದು ಸಲ ಎಳೆದರೆ ಪ್ರತಿ ಸಲವೂ ಸುರುಳಿಯಾಗಿ ಒಂದು ಎಳೆ ಪ್ಲಾಸ್ಟಿಕ್ ಬರುತ್ತದೆ. ಒತ್ತಿ ಎಳೆದರೆ ಬ್ಲೇಡು ತಿರುವಿನಲ್ಲಿ ಹಾರಿ ಬಾಗಿಲ ಮೇಲೆ ಗೀಚುತ್ತದೆ. ಬಾಗಿಲಿನ ಕೆಳಮೂಲೆಗಳಲ್ಲಿ ಮೇಲಿಂದ ಕೆಳಕ್ಕೆ ಒಮ್ಮೆ, ಅಡ್ಡಲಾಗಿ ಒಮ್ಮೆ, ಬೇರೆ ಬೇರೆಯಾಗಿ ಎಳೆದು ಮೂಲೆಯಲ್ಲಿ ಸೇರಿಸಿ. ಬೆಳಕಿಗೆ ಹಿಡಿದಾಗ ಗೀರಿನ ತಳ ಎಲ್ಲ ಕಡೆ ಒಂದೇ ಸಮ ಕಪ್ಪಾಗಿ ಕಾಣಬೇಕು.

ಬಣ್ಣಕ್ಕೆ ಮುಂಚೆ ಬಾಡಿ, ಛಾಸಿ, ಸೀಟಿನ ತೊಟ್ಟಿ ಮೂರನ್ನೂ ಅಂಟಿಲ್ಲದೆ ಟೇಪ್ ಹಾಕಿ ಜೋಡಿಸಿ ನೋಡಿ. ಈಗಲೇ ಬಿಗಿಯಾಗಿದ್ದರೆ ಬಣ್ಣ ಬಿದ್ದ ಮೇಲೆ ಒಳಗೆ ಹೋಗುವುದಿಲ್ಲ. ಛಾಸಿಯ ಅಂಚನ್ನು ಈಗಲೇ ಸ್ವಲ್ಪ ಉಜ್ಜಿ.

ಬಣ್ಣ

ಹವಾಮಾನ ನೋಡದೆ ಸ್ಪ್ರೇ ಕ್ಯಾನ್ ಮುಟ್ಟಬೇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ ಮುಚ್ಚಿದ ದಿನ ಬೇಗ ಆರುವ ಲ್ಯಾಕರ್ ಬಣ್ಣ ಹೊಡೆದರೆ ಬಣ್ಣದ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಥಿನ್ನರ್ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ನೀರಾಗುವುದೇ ಇದಕ್ಕೆ ಕಾರಣ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ತೊಂದರೆ ಉಲ್ಟಾ: ಹನಿ ಬಾಡಿ ಮುಟ್ಟುವ ಮುಂಚೆಯೇ ಅರೆ ಒಣಗಿ ಕಿತ್ತಳೆ ಸಿಪ್ಪೆಯಂಥ ತರಿ ಏಳುತ್ತದೆ. ಮೈಸೂರಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವಿನ ಹೊತ್ತು ಒಳ್ಳೆಯದು. ಸಂಜೆ ದೀಪ ಹಾಕಿ ಬಣ್ಣ ಹೊಡೆಯುವುದು ಬೇಡ. ಮೊದಲ ಮಳೆ ಬಿದ್ದ ವಾರದಲ್ಲಂತೂ ಮಳೆಹುಳುಗಳು ನೇರ ಹಸಿ ಬಣ್ಣಕ್ಕೇ ಬಂದು ಬೀಳುತ್ತವೆ. ಮಂಡ್ಯದ ಹಳ್ಳಿಗಳಲ್ಲಿ ಆಲೆಮನೆ ನಡೆಯುವ ದಿನಗಳಲ್ಲಿ ಗಾಳಿಯಲ್ಲಿ ಹಾರಿ ಬರುವ ಕರಿಯೂ ಅಷ್ಟೇ ಕಾಟ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಹೊಡೆದ ಕೂಡಲೇ ಬಾಡಿಯ ಮೇಲೆ ದೊಡ್ಡ ಟಬ್ ಬೋರಲು ಹಾಕಿ. ಒಂದು ಬೆರಳಷ್ಟು ಸಂದು ಬಿಡಿ, ಥಿನ್ನರ್ ಹೊಗೆ ಹೊರಹೋಗಬೇಕು.

ಆಟೊ ಪೇಂಟ್ ಅಂಗಡಿಯ ಬಣ್ಣ ಬಳಸುವವರು ಒಂದು ಮಾತು ನೆನಪಿಡಿ. ಅದರ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ಪಾಲಿಸ್ಟೈರೀನನ್ನು ತಿನ್ನುತ್ತದೆ, ಮೇಲ್ಮೈಯಲ್ಲಿ ಜೇಡರ ಬಲೆಯಂಥ ಬಿರುಕು ಬೀಳುತ್ತದೆ. ಬಣ್ಣಕ್ಕೆ ಮುಂಚಿನ ತಳಪದರವಾದ ಪ್ರೈಮರ್ ಪೂರ್ತಿ ಮುಚ್ಚಿರಬೇಕು, ಮೊದಲ ಪದರಗಳು ಮಂಜಿನಷ್ಟು ತೆಳುವಿರಬೇಕು. ಮೊದಲು ಖಾಲಿ ಚೌಕಟ್ಟಿನ ಮೇಲೆ ಹೊಡೆದು ನೋಡಿ. ಇನ್ನು ಆಟೊ ಮೆಟಾಲಿಕ್ ಬಣ್ಣಗಳನ್ನು ಬಿಟ್ಟುಬಿಡಿ. ಅವುಗಳ ಮಿನುಗು ಕಣ 1:24ಕ್ಕೆ ತೀರಾ ದಪ್ಪ, ಕಾರಿನ ಮೇಲೆ ಜರಿ ಚೆಲ್ಲಿದಂತಾಗುತ್ತದೆ.

1966ರ ಬೀಟಲ್‌ಗೆ ಕಾರ್ಖಾನೆಯ ಬಣ್ಣಗಳಲ್ಲಿ ಎಲ್ 87 ಪರ್ಲ್ ವೈಟ್, ಎಲ್ 456 ರೂಬಿ ರೆಡ್, ಎಲ್ 41 ಕಪ್ಪು ಇದ್ದವು. ಈ ಪರ್ಲ್ ವೈಟ್‌ಗೆ ಮಿನುಗು ಇಲ್ಲ, ಕೆನೆಯ ಕಡೆ ವಾಲುವ ಬಿಳಿ. ಮೊದಲ ಕಾರಿಗೆ ಇದೇ ಸುಲಭ. ಕಪ್ಪು ಬಣ್ಣ ಉಜ್ಜಿದಾಗ ಬಿದ್ದ ಒಂದು ಗೆರೆಯನ್ನೂ ಮರೆಮಾಡುವುದಿಲ್ಲ. ಕೆಂಪಿನ ಕೆಳಗೆ ಬೂದು ಪ್ರೈಮರ್ ಇದ್ದರೆ ಮಂಕಾಗುತ್ತದೆ, ಬಿಳಿ ಪ್ರೈಮರ್ ಬಳಸಿ. ಕಿಟ್‌ನ ಪ್ಲಾಸ್ಟಿಕ್ಕೇ ಕೆಂಪಾಗಿದ್ದು ನೀವು ಬಿಳಿ ಹೊಡೆಯುವುದಾದರೆ ಕೆಂಪು ಬಣ್ಣ ಜಿನುಗಿ ಗುಲಾಬಿಯಾಗುತ್ತದೆ. ನಡುವೆ ಒಂದು ಪದರ ಬೆಳ್ಳಿ ಬಣ್ಣ ಹೊಡೆದರೆ ತಡೆಯುತ್ತದೆ.

ಕ್ಯಾನನ್ನು 40 ಡಿಗ್ರಿ ಸುಮಾರಿನ ಬಿಸಿನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಚೆನ್ನಾಗಿ ಕುಲುಕಿ. ಒಳಗಿನ ಒತ್ತಡ ಹೆಚ್ಚಿ ಹನಿ ಸಣ್ಣದಾಗುತ್ತದೆ. ಒಲೆಯ ಮೇಲಿನ ನೀರಿಗೆ ಎಂದೂ ಇಡಬೇಡಿ, ಸಿಡಿಯುತ್ತದೆ. 15ರಿಂದ 20 ಸೆಂ.ಮೀ. ದೂರದಿಂದ ಹೊಡೆಯಿರಿ. ಬಾಡಿಯ ಆಚೆ ಶುರು ಮಾಡಿ ಈಚೆ ಮುಗಿಸಿ, ಕೈ ನಿಲ್ಲಿಸಿದ ಜಾಗದಲ್ಲೇ ಬಣ್ಣ ಸೋರುವುದು. ಏರ್‌ಬ್ರಷ್ ಇದ್ದರೆ 0.3 ಮಿ.ಮೀ. ನಳಿಕೆ, 15ರಿಂದ 20 ಪಿಎಸ್‌ಐ ಒತ್ತಡ, ಲ್ಯಾಕರ್ ಒಂದು ಪಾಲಿಗೆ ಥಿನ್ನರ್ ಒಂದೂವರೆ ಪಾಲು. ಮುಖಕ್ಕೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ, ಬಟ್ಟೆ ಮಾಸ್ಕ್ ಥಿನ್ನರನ್ನು ತಡೆಯದು.

ಪ್ರೈಮರ್ ಎರಡು ತೆಳು ಪದರ, ಒಂದು ರಾತ್ರಿ ಬಿಟ್ಟು 1000 ಪೇಪರಿನಲ್ಲಿ ಹಸಿ ಉಜ್ಜು. ಬಣ್ಣ ಮಂಜಿನಂತೆ ಎರಡು ಪದರ, ಹದಿನೈದು ನಿಮಿಷದ ಅಂತರದಲ್ಲಿ. ಆಮೇಲೆ ಬಾಡಿ ಒದ್ದೆಯಾಗಿ ಹೊಳೆಯುವಷ್ಟು ಒಂದು ಪದರ, ಬೇಕಾದರೆ ಇನ್ನೊಂದು. ಅಷ್ಟೇ. ಬಣ್ಣ ಸೋರಿದರೆ ಹಸಿಯಲ್ಲಿ ಮುಟ್ಟಬೇಡಿ, ಎರಡು ದಿನ ಬಿಟ್ಟು 1500ರಲ್ಲಿ ಉಜ್ಜಿ ಮತ್ತೆ ಹೊಡೆಯಿರಿ. ಒಣಗಿದೆಯೋ ಇಲ್ಲವೋ ಅನ್ನುವುದನ್ನು ಮೂಗು ಹೇಳುತ್ತದೆ: ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ. ಲ್ಯಾಕರ್‌ಗೆ ಎರಡು ದಿನ, ಎನಾಮಲ್‌ಗೆ ಒಂದು ವಾರ.

ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪು ಲೇಪ) ಎರಡು ಪದರ. ವಾರ ಕಳೆದ ಮೇಲೆ 2000, 3000 ಪೇಪರ್, ಆಮೇಲೆ ಕಾಂಪೌಂಡ್. ಬಾನೆಟ್ ಅಂಚು, ಮಡ್‌ಗಾರ್ಡ್ ಏಣುಗಳಲ್ಲಿ ಬಣ್ಣ ಯಾವಾಗಲೂ ತೆಳು, ಉಜ್ಜಿದರೆ ಪ್ರೈಮರ್ ಇಣುಕುತ್ತದೆ. ಅಲ್ಲಿಗೆ ಮೊದಲೇ ಸಣ್ಣ ಟೇಪ್ ಅಂಟಿಸಿ, ಕೊನೆಗೆ ಟೇಪ್ ತೆಗೆದು ಕಾಂಪೌಂಡ್ ಮಾತ್ರ ಹಗುರವಾಗಿ ಸವರಿ. ಬಾಗಿಲು, ಮುಚ್ಚಳಗಳ ಗೀರುಗಳಿಗೆ ತೆಳು ಎನಾಮಲ್ ವಾಶ್ (ನೀರಿನಂತೆ ತೆಳು ಮಾಡಿದ ಬಣ್ಣ) ಬಿಡಿ. ಬಿಳಿ ಕಾರಿಗೆ ಬೂದು ಬಣ್ಣವೇ ಸರಿ, ಕಪ್ಪು ಹಾಕಿದರೆ ನಕಾಶೆಯ ಗೆರೆಯಾಗುತ್ತದೆ.

ಕ್ರೋಮ್

ಕಿಟ್‌ನ ಕ್ರೋಮ್ ಭಾಗಗಳ ಹೊಳಪು ಅತಿಯಾಯಿತು ಅನ್ನಿಸಿದರೆ, ಅಥವಾ ಬಂಪರ್ ಮೇಲೆ ಅಚ್ಚಿನ ಏಣು ಕಂಡರೆ, ಬ್ಲೀಚ್ ದ್ರವದಲ್ಲಿ ನೆನೆಹಾಕಿ. ಕ್ರೋಮ್ ಅನ್ನಿಸುವುದು ತೆಳು ಅಲ್ಯೂಮಿನಿಯಂ ಪದರ, ಸ್ವಲ್ಪ ಹೊತ್ತಿನಲ್ಲೇ ಕರಗಿ ಹೋಗುತ್ತದೆ. ಆ ಬ್ಲೀಚಿಗೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬೆರೆಯದಂತೆ ನೋಡಿಕೊಳ್ಳಿ, ಬೆರೆತರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಏಣು ಉಜ್ಜಿ, ಹೊಳಪಿನ ಕಪ್ಪು ಹೊಡೆದು, ಅದು ಗಟ್ಟಿಯಾದ ಮೇಲೆ ಕ್ರೋಮ್ ಬಣ್ಣ. ಕೆಳಗಿನ ಕಪ್ಪು ಕನ್ನಡಿಯಂತಿದ್ದರೆ ಮಾತ್ರ ಮೇಲಿನ ಕ್ರೋಮ್ ಕನ್ನಡಿಯಾಗುತ್ತದೆ.

ಬಾಗಿಲುದ್ದದ ಬೀಡಿಂಗ್, ಕಿಟಕಿಯ ಸುತ್ತಿನ ಪಟ್ಟಿ ಇವಕ್ಕೆ ಬ್ರಷ್ಷಿನ ಬೆಳ್ಳಿ ಬಣ್ಣ ಬೇಡವೇ ಬೇಡ. ಅಂಟು ಇರುವ ಬೇರ್ ಮೆಟಲ್ ಫಾಯಿಲ್ (ತೀರಾ ತೆಳುವಾದ ಲೋಹದ ಹಾಳೆ) ಬಳಸಿ. ಬೇಕಾದ್ದಕ್ಕಿಂತ 3 ಮಿ.ಮೀ. ಅಗಲವಾಗಿ ಕತ್ತರಿಸಿ ಹಾಸಿ, ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ನಡುವಿನಿಂದ ಹೊರಕ್ಕೆ ಒತ್ತಿ, ಮರದ ಹಲ್ಲುಕಡ್ಡಿಯ ಮೊನೆಯಿಂದ ಬೀಡಿಂಗ್ ಅಂಚನ್ನು ಮೂಡಿಸಿ. ಆಮೇಲೆ ಹೊಚ್ಚ ಹೊಸ ಬ್ಲೇಡನ್ನು ಮಲಗಿಸಿ ಹಿಡಿದು, ತನ್ನ ಭಾರದಲ್ಲೇ ಕತ್ತರಿಸಲು ಬಿಡಿ. ಬ್ಲೇಡು ಮೊಂಡಾದರೆ ಫಾಯಿಲ್ ಹರಿಯುತ್ತದೆ. ಒಂದು ಕಾರಿಗೆ ಎರಡು ಮೂರು ಬ್ಲೇಡು ಹೋದರೂ ಲೆಕ್ಕ ಇಡಬೇಡಿ. ಸುಕ್ಕು ಬಂದ ಪಟ್ಟಿಯನ್ನು ಸರಿಪಡಿಸಲು ಹೋಗದೆ ಕಿತ್ತು ಹೊಸದು ಹಾಕಿ.

ಒಳಗಿನದು, ಕೆಳಗಿನದು

ಛಾಸಿಗೆ ಮಾಸಲು ಕಪ್ಪು ಸಾಕು. ಸೈಲೆನ್ಸರ್‌ನ ಎರಡು ಕೊಳವೆಗಳ ಬಾಯನ್ನು 1 ಮಿ.ಮೀ. ಬಿಟ್‌ನಿಂದ ಕೊರೆಯಿರಿ, ನಿಮಿಷದ ಕೆಲಸ, ಫಲ ದೊಡ್ಡದು. ನೆಲದ ಕಾರ್ಪೆಟ್‌ಗೆ ಉಣ್ಣೆ ನೂಲನ್ನು ಅರ್ಧ ಮಿಲಿಮೀಟರಿನಷ್ಟು ಪುಡಿಯಾಗಿ ಕತ್ತರಿಸಿ, ನೀರು ಬೆರೆಸಿದ ಫೆವಿಕಾಲ್ ಸವರಿದ ನೆಲಕ್ಕೆ ಚಹಾ ಜರಡಿಯಿಂದ ಉದುರಿಸಿ.

ಎಂಜಿನ್ ಇರುವ ಕಿಟ್ ಆದರೆ ಪ್ಲಗ್ ವೈರು ಎಳೆಯಬಹುದು. ಅಸಲಿ ವೈರು 7 ಮಿ.ಮೀ., ಅಂದರೆ ಇಲ್ಲಿ 0.3 ಮಿ.ಮೀ. ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ 30 ಗೇಜಿನ ತಾಮ್ರದ ತಂತಿಯ ಚೂರು ಕೇಳಿ, ಅದರ ದಪ್ಪ 0.315 ಮಿ.ಮೀ. ನಾಲ್ಕು ಸಿಲಿಂಡರಿಗೆ ನಾಲ್ಕು, ಕಾಯಿಲ್‌ಗೆ ಒಂದು, ಒಟ್ಟು ಐದು ವೈರು. ಕಪ್ಪು ಬಣ್ಣ ಹಚ್ಚಿ, ಡಿಸ್ಟ್ರಿಬ್ಯೂಟರ್ ತಲೆಯಲ್ಲಿ 0.4 ಬಿಟ್‌ನಿಂದ ತೂತು ಕೊರೆದು ಕೂರಿಸಿ.

ಟೈರಿನ ಮೇಲಿನ ಹೊಳಪನ್ನೂ ನಡುವಿನ ಏಣನ್ನೂ 400 ಪೇಪರಿನಲ್ಲಿ ಉಜ್ಜಿ ತೆಗೆಯಿರಿ. ಚಕ್ರ ಕೂರಿಸುವಾಗ ಛಾಸಿಯನ್ನು ಗಾಜಿನ ಹಾಳೆಯ ಮೇಲಿಟ್ಟು ಅಂಟು ಒಣಗುವವರೆಗೂ ಬಿಡಿ, ನಾಲ್ಕೂ ಟೈರು ನೆಲ ಮುಟ್ಟಿರಬೇಕು.

ಗಾಜಿಗೆ ಫೆವಿಕ್ವಿಕ್ ಹಾಕಬೇಡಿ. ಆ ಬಗೆಯ ಅಂಟಿನ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಫೆವಿಕಾಲ್ ಹಲ್ಲುಕಡ್ಡಿಯ ತುದಿಯಷ್ಟು ಸಾಕು. ಬಾಡಿಗೆ ಛಾಸಿ ಸೇರಿಸುವಾಗ ಬಾಡಿಯ ಕೆಳ ಅಂಚುಗಳನ್ನು ಎರಡೂ ಕೈಯಲ್ಲಿ ಹಗುರವಾಗಿ ಅಗಲಿಸಿ, ಮೊದಲು ಮುಂಭಾಗ, ಆಮೇಲೆ ಹಿಂಭಾಗ.

ವೈಪರ್, ಕನ್ನಡಿ, ನಂಬರ್ ಪ್ಲೇಟ್ ಕೊನೆಗೆ. ಇಲ್ಲಿನ ಕಾರು ಮಾಡುವುದಾದರೆ ಬಲಗಡೆ ಸ್ಟೀರಿಂಗ್ ಇರುವ ಡ್ಯಾಶ್‌ಬೋರ್ಡ್ ಕಿಟ್‌ನಲ್ಲಿದೆಯೇ ಎಂದು ಕೊಳ್ಳುವಾಗಲೇ ನೋಡಿರಬೇಕು. 1966ರಲ್ಲಿ ನಮ್ಮದು ಇನ್ನೂ ಮೈಸೂರು ರಾಜ್ಯ, ನಂಬರುಗಳು ‘ಎಂವೈ’ ಇಂದ ಶುರುವಾಗುತ್ತಿದ್ದವು. ಕೆಎ 09 ಆಗಲಿ ಕೆಎ 11 ಆಗಲಿ ಆ ಕಾಲಕ್ಕೆ ಹೊಂದುವುದಿಲ್ಲ. ಸ್ವಂತ ಕಾರಿಗೆ ಆಗ ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ. ಉದ್ದ 20, ಎತ್ತರ 5 ಮಿ.ಮೀ. ಸುಮಾರಿಗೆ ಫೋಟೊ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಹಿಂದಿನ ಕಾಗದದ ಪದರ ಸುಲಿದು ತೆಳು ಮಾಡಿ, ಬಿಳಿ ಕಾಣುವ ಅಂಚಿಗೆ ಕಪ್ಪು ಮಾರ್ಕರ್ ಸವರಿ, ಬಂಪರ್‌ನ ಮೇಲೆ ನೆಟ್ಟಗೆ ಅಂಟಿಸಿ.