ನಿಮ್ಮ ಅಧ್ಯಯನ ವರದಿ ಸರ್ಕಾರದ ನೀತಿಯನ್ನು ತಲುಪುವುದು ಹೇಗೆ?

ಸಮಾಜಕಾರ್ಯ ವಿಭಾಗಗಳಲ್ಲಿ ಪ್ರತಿ ವರ್ಷ ಕ್ಷೇತ್ರ ಅಧ್ಯಯನದ ವರದಿಗಳು ಸಿದ್ಧವಾಗುತ್ತವೆ. ಅಂಥ ವರದಿ ಕಪಾಟು ಸೇರದೆ ಆಡಳಿತವನ್ನು ಅಲುಗಾಡಿಸಿದ್ದು ಬಿಹಾರದಲ್ಲಿ. 2017ರಲ್ಲಿ ಅಲ್ಲಿನ ಸಮಾಜ ಕಲ್ಯಾಣ ಇಲಾಖೆ ಆಶ್ರಯ ಕೇಂದ್ರಗಳ ಸಾಮಾಜಿಕ ಪರಿಶೋಧನೆಯನ್ನು (ಅಲ್ಲಿ ವಾಸಿಸುವವರ ಸ್ಥಿತಿಗತಿಯ ಪರಿಶೀಲನೆಯನ್ನು) ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡಕ್ಕೆ ಒಪ್ಪಿಸಿತು. ತಂಡ 110 ಕೇಂದ್ರಗಳನ್ನು ನೋಡಿ 2018ರಲ್ಲಿ ವರದಿ ಸಲ್ಲಿಸಿತು. ಮುಜಫ್ಫರ್‌ಪುರದ ಬಾಲಿಕಾ ಗೃಹದಲ್ಲಿ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ ಹೊರಬಿದ್ದದ್ದು ಆಗಲೇ. ನೀವೂ ಇಂಥ ಅಧ್ಯಯನಕ್ಕೆ ಹೊರಟಿದ್ದರೆ ಹೀಗೆ ಮಾಡಿ.

ಮೊದಲು ಕಾನೂನು ಓದಿ. ಮಕ್ಕಳ ಪಾಲನಾ ಸಂಸ್ಥೆಯಾದರೆ 2015ರ ಬಾಲನ್ಯಾಯ ಕಾಯ್ದೆ ಏನು ಹೇಳುತ್ತದೆಂದು ತಿಳಿದಿರಬೇಕು. ಕಾನೂನು ಕೊಟ್ಟ ಮಾತಿಗೂ ಕಣ್ಣಿಗೆ ಕಂಡದ್ದಕ್ಕೂ ನಡುವಿನ ಅಂತರವೇ ನಿಮ್ಮ ಅಧ್ಯಯನದ ವಿಷಯ.

ನಂತರದ್ದು ಅತಿ ಮುಖ್ಯ. ಕಡತ, ಹಾಜರಿ ಪುಸ್ತಕ, ಅಡುಗೆಮನೆ ನೋಡಿ ಹೊರಡಬೇಡಿ. ತಪಾಸಣೆಗೆ ಬರುವ ಅಧಿಕಾರಿಗಳೂ ಅವನ್ನೇ ನೋಡುತ್ತಾರೆ. ಅಲ್ಲಿ ವಾಸಿಸುವವರ ಜೊತೆ ಕುಳಿತು, ಸಿಬ್ಬಂದಿಯ ಕಿವಿಗೆ ಬೀಳದಂತೆ ಮಾತನಾಡಿ. ಒಪ್ಪಿಗೆ ಕೇಳಿ, ಅವಸರಪಡಿಸಬೇಡಿ. ಮಗು ಸುಮ್ಮನಾದರೆ ಮೌನವನ್ನೂ ಬರೆದುಕೊಳ್ಳಿ. ಹೆಸರು, ಗುರುತು ವರದಿಯಲ್ಲಿ ಬರಕೂಡದು. ಆದರೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ವರದಿ ಮುಗಿಯಲಿ ಎಂದು ಕಾಯುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಗೋಪ್ಯವಾಗಿಡುತ್ತೇನೆ’ ಎಂದು ಮಗುವಿಗೆ ಮಾತು ಕೊಡುವ ಮುನ್ನ ಇದು ನೆನಪಿರಲಿ.

ಬರೆಯುವಾಗ ಕಂಡದ್ದನ್ನೂ ಕೇಳಿದ್ದನ್ನೂ ಬೇರೆಬೇರೆಯಾಗಿ ಇಡಿ. ಚೆನ್ನಾಗಿ ನಡೆಯುವ ಕೇಂದ್ರವಿದ್ದರೆ ಅದನ್ನೂ ಹೇಳಿ. ದೂರನ್ನಷ್ಟೇ ಹೊತ್ತ ವರದಿಯನ್ನು ಅಧಿಕಾರಿಗಳು ಪಕ್ಷಪಾತವೆಂದು ತಳ್ಳಿಹಾಕುವುದು ಸುಲಭ. ಶಿಫಾರಸನ್ನು ‘ಸರ್ಕಾರ ಗಮನಿಸಬೇಕು’ ಎಂದು ಮುಗಿಸಬೇಡಿ. ಯಾವ ಇಲಾಖೆ, ಯಾವ ಅಧಿಕಾರಿ, ಎಷ್ಟು ದಿನದೊಳಗೆ ಏನು ಮಾಡಬೇಕು ಎಂದು ಬರೆಯಿರಿ.

ಬಿಹಾರದಲ್ಲೂ ವರದಿಯೊಂದೇ ಎಲ್ಲವನ್ನೂ ಮಾಡಲಿಲ್ಲ. ಪತ್ರಕರ್ತರು ಬೆನ್ನುಹತ್ತಿದರು. 2018ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ವರದಿ ಬೊಟ್ಟು ಮಾಡಿದ್ದ ಇತರ ಕೇಂದ್ರಗಳ ತನಿಖೆಯನ್ನೂ ಸಿಬಿಐಗೆ ವಹಿಸಿತು. ಮುಜಫ್ಫರ್‌ಪುರ ಪ್ರಕರಣದಲ್ಲಿ 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದಿತು.

ಹಾಗಾಗಿ ವರದಿ ಸಲ್ಲಿಸಿದಾಗ ಸ್ವೀಕೃತಿ ಪಡೆಯಿರಿ. ಕೆಲವು ತಿಂಗಳ ಬಳಿಕ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಯಾವ ಶಿಫಾರಸಿನ ಮೇಲೆ ಏನು ಕ್ರಮವಾಯಿತೆಂದು ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು; ಬರದಿದ್ದರೆ ಮೇಲ್ಮನವಿ ಸಲ್ಲಿಸಿ.