ಮರುನಿರ್ಮಾಣವಾಗುತ್ತಿರುವ ಬಡಾವಣೆಯಲ್ಲಿ ವಿಜ್ಞಾನ ಶಾಲೆ: ಮೊದಲು ಪ್ರಯೋಗಾಲಯ, ಆಮೇಲೆ ತರಗತಿ

ಹಳೆಯ ಬಡಾವಣೆಯನ್ನು ಕೆಡವಿ ಹೊಸದಾಗಿ ಕಟ್ಟುವಾಗ ರಸ್ತೆ, ಮಳಿಗೆ ಮತ್ತು ವಾಹನ ನಿಲುಗಡೆಗೆ ಹಂಚಿ ಮಿಕ್ಕ ಮೂಲೆಯೇ ಸಾಮಾನ್ಯವಾಗಿ ಶಾಲೆಯ ಪಾಲಿಗೆ ಬರುತ್ತದೆ. ನಗರಗಳ ಹಳೆಯ ಭಾಗಗಳನ್ನೂ ಸುಧಾರಿಸುವ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ದಾವಣಗೆರೆ 2016ರಲ್ಲಿ ಸೇರಿತು. ಇಲ್ಲಿನ ಮಂಡಿಪೇಟೆಯ ಸುತ್ತಲಿನಂಥ ಇಕ್ಕಟ್ಟಾದ ಪ್ರದೇಶದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ಒತ್ತು ಕೊಡುವ ಶಾಲೆಯನ್ನು ಯೋಜಿಸುವವರು, ಬಡಾವಣೆಯ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದ ಮುಂದಿರುವಾಗಲೇ ನಾಗರಿಕ ಸೌಲಭ್ಯದ ನಿವೇಶನವನ್ನು (ಶಾಲೆಯಂಥ ಸಾರ್ವಜನಿಕ ಬಳಕೆಗೆ ಮೀಸಲಿಡುವ ಜಾಗವನ್ನು) ಗುರುತು ಮಾಡಿಸಿಕೊಳ್ಳಬೇಕು. ಅನುಮೋದನೆಯಾದ ಮೇಲೆ ಜಾಗ ಕೇಳುವುದು ಬಹುಮಟ್ಟಿಗೆ ವ್ಯರ್ಥ ಓಡಾಟ.

ಮಕ್ಕಳ ಲೆಕ್ಕ ಹಾಕುವಾಗ ಇಂದು ಅಲ್ಲಿರುವ ಮನೆಗಳನ್ನು ಮಾತ್ರ ಎಣಿಸಬಾರದು. ತಾತ್ಕಾಲಿಕವಾಗಿ ಬೇರೆಡೆಗೆ ಹೋಗಿರುವ ಮಂಡಕ್ಕಿ ಭಟ್ಟಿ ಕೆಲಸಗಾರರ, ಹಮಾಲರ ಕುಟುಂಬಗಳಲ್ಲಿ ಎಷ್ಟು ಮರಳಿ ಬರುತ್ತವೆ ಎಂಬುದನ್ನು ಕೇರಿಯವರನ್ನೇ ಕೇಳಿ ಬರೆದುಕೊಳ್ಳಬೇಕು. ಈ ಸಂಖ್ಯೆ ಹಲವು ವರ್ಷ ಏರಿಳಿಯುತ್ತಲೇ ಇರುವುದರಿಂದ ತರಗತಿ ಕೋಣೆಗಳನ್ನು ಹಂತ ಹಂತವಾಗಿ ಕಟ್ಟುವುದೇ ಜಾಣತನ. ಪ್ರಯೋಗಾಲಯ ಹಾಗಲ್ಲ. ಅದಕ್ಕೆ ಬೇಕಾದ ನೀರು, ವಿದ್ಯುತ್, ಗಾಳಿ ಹೊರಹೋಗುವ ದಾರಿ, ತ್ಯಾಜ್ಯದ ಕೊಳವೆ ಇವುಗಳನ್ನು ನಂತರ ತುರುಕಲು ಹೋದರೆ ಗೋಡೆ ಒಡೆಯಬೇಕಾಗುತ್ತದೆ. ಆದ್ದರಿಂದ ಮೊದಲ ಹಂತದಲ್ಲಿಯೇ ಪ್ರಯೋಗಾಲಯದ ಕಟ್ಟಡವನ್ನು ಪೂರ್ಣವಾಗಿ ಕಟ್ಟಿ, ಅದನ್ನು ಸುತ್ತಲಿನ ಮೂರು ನಾಲ್ಕು ಶಾಲೆಗಳು ವೇಳಾಪಟ್ಟಿ ಹಾಕಿಕೊಂಡು ಹಂಚಿಕೊಳ್ಳುವಂತೆ ಮಾಡುವುದು ನನ್ನ ಸಲಹೆ. ಪ್ರತಿ ಶಾಲೆಗೂ ಒಂದೊಂದು ಅರೆಬರೆ ಪ್ರಯೋಗಾಲಯ ಇದ್ದರೆ ಕೊನೆಗೆ ಉಳಿಯುವುದು ಬೀಗ ಹಾಕಿದ ಕಪಾಟುಗಳಷ್ಟೇ. ಮಕ್ಕಳು ತಾವೇ ಉಪಕರಣಗಳನ್ನು ಮಾಡಿ ಕಲಿಯುವ, ಕೇಂದ್ರದ ಯೋಜನೆಯ ಅಟಲ್ ಟಿಂಕರಿಂಗ್ ಲ್ಯಾಬ್ ಒಂದಕ್ಕೇ ಕನಿಷ್ಠ 1,500 ಚದರ ಅಡಿ ಬೇಕೆಂಬ ನಿಯಮವಿರುವುದರಿಂದ, ಅದರ ಜೊತೆಗೆ ಭೌತ, ರಸಾಯನ ಮತ್ತು ಜೀವವಿಜ್ಞಾನದ ಕೋಣೆಗಳು ಸೇರಿದರೆ ಚಿಕ್ಕ ನಿವೇಶನ ಬೇಗನೆ ತುಂಬಿಬಿಡುತ್ತದೆ. ಹಂಚಿಕೆಗೆ ಇದೂ ಒಂದು ಕಾರಣ.

ನೆಲದ ವಿಷಯದಲ್ಲಿ ಆತುರ ಬೇಡ. ಈ ಸೀಮೆಯಲ್ಲಿ ಕೆಂಪು ಮಣ್ಣೂ ಇದೆ, ಎರೆ ಮಣ್ಣೂ ಇದೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ ಸಾಧಾರಣ ತಳಪಾಯದ ಮೇಲೆ ನಿಂತ ಗೋಡೆಗಳು ಬಿರುಕು ಬಿಡುತ್ತವೆ. ಹಳೆಯ ಕಟ್ಟಡಗಳ ಭಗ್ನಾವಶೇಷ ತುಂಬಿದ ಜಾಗವಾದರಂತೂ ಮಣ್ಣುಪರೀಕ್ಷೆಯನ್ನು ಒಂದೇ ಮೂಲೆಯಲ್ಲಿ ಮಾಡಿಸಿ ಸುಮ್ಮನಾಗಬಾರದು. ಗಿರಣಿ ಅಥವಾ ಭಟ್ಟಿ ಇದ್ದ ನೆಲದಲ್ಲಿ ಎಣ್ಣೆ, ಬಣ್ಣ, ಬೂದಿ ಇಂಗಿದೆಯೇ ಎಂಬುದನ್ನೂ ಅದೇ ವೇಳೆಗೆ ನೋಡಿಸಬೇಕು.

ಹಳೆಯ ಹತ್ತಿ ಗಿರಣಿಯ ಶೆಡ್ಡು ಗಟ್ಟಿಯಾಗಿ ಉಳಿದಿದ್ದರೆ ಕೆಡವುವ ಮುನ್ನ ಎಂಜಿನಿಯರಿಂದ ಪರೀಕ್ಷೆ ಮಾಡಿಸಿರಿ. ಗರಗಸದ ಹಲ್ಲಿನಂತೆ ಏರಿಳಿಯುವ ಚಾವಣಿಯಿದ್ದರೆ ಉತ್ತರದ ಮೃದು ಬೆಳಕು ಒಳಗೆ ಬೀಳುವುದರಿಂದ ಅದು ಕಾರ್ಯಾಗಾರಕ್ಕೆ ಹೇಳಿಮಾಡಿಸಿದ ಜಾಗ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳಿದ್ದರೆ ಮಾತ್ರ ತಿಳಿದವರಿಂದಲೇ ತೆಗೆಸಬೇಕು, ಒಡೆದು ಪುಡಿಮಾಡಬಾರದು.

ಹೊಸ ಕಟ್ಟಡವನ್ನು ಪೂರ್ವ–ಪಶ್ಚಿಮಕ್ಕೆ ಉದ್ದವಾಗಿಟ್ಟು ಕಿಟಕಿಗಳನ್ನು ಉತ್ತರ, ದಕ್ಷಿಣಕ್ಕೆ ಇಡುವುದು ಒಳ್ಳೆಯದು. ದಾವಣಗೆರೆ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಮೇ ಆರಂಭದಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ವಾಲುತ್ತಾನೆ. ಹೀಗಾಗಿ ಉತ್ತರದ ಕಿಟಕಿಗಳಿಗೂ ಸಜ್ಜಾ ಬೇಕೇ ಬೇಕು. 1,000 ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದು ಅದರ ಐದರಲ್ಲಿ ನಾಲ್ಕು ಪಾಲು ಹಿಡಿದಿಟ್ಟರೂ 4.8 ಲಕ್ಷ ಲೀಟರ್ ನೀರಾಗುತ್ತದೆ. ಇದನ್ನು ಮಕ್ಕಳೇ ಅಳೆಯುವಂತೆ ಮಾಪಕ ಇಟ್ಟರೆ ತಾರಸಿಯೂ ಪಾಠವಾಗುತ್ತದೆ. ರಸಾಯನ ಪ್ರಯೋಗಾಲಯದ ಆಮ್ಲವನ್ನು ಬೀದಿಯ ಚರಂಡಿಗೆ ನೇರವಾಗಿ ಬಿಡದೆ, ಸುಣ್ಣ ಹಾಕಿ ಶಮನಗೊಳಿಸುವ ಪ್ರತ್ಯೇಕ ಗುಂಡಿಯನ್ನು ನಕ್ಷೆಯಲ್ಲಿಯೇ ತೋರಿಸಬೇಕು.

ಸುರಕ್ಷತೆಯಲ್ಲಿ ಯಾವ ರಿಯಾಯಿತಿಯೂ ಸಲ್ಲದು. 2004ರಲ್ಲಿ ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರ ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡರು. ಅಗ್ನಿಶಾಮಕ ವಾಹನ ಆವರಣದೊಳಗೆ ಬಂದು ತಿರುಗುವಷ್ಟು ದಾರಿ, ಪ್ರತಿ ಪ್ರಯೋಗಾಲಯಕ್ಕೆ ಹೊರಕ್ಕೆ ತೆರೆಯುವ ಎರಡು ಬಾಗಿಲು, ಬೇರೆ ಬೇರೆ ತುದಿಗಳಲ್ಲಿ ಎರಡು ಮೆಟ್ಟಿಲು, ಮತ್ತು ಗಾಲಿಕುರ್ಚಿಗೆಂದು 12 ಅಡಿ ಉದ್ದಕ್ಕೆ ಒಂದಡಿ ಏರಿಕೆಗಿಂತ ಕಡಿದಾಗಿರದ ಇಳಿಜಾರು ದಾರಿ ಇರಲೇಬೇಕು.

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಸಿಕ್ಕಿದೆ, ನಮ್ಮ ಪೇಟೆಯ ಶಾಲೆಗೆ ಎರಡು ಎಕರೆ ಸಿಕ್ಕರೂ ಭಾಗ್ಯ. ಆದರೆ ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ. ಕಟ್ಟಡ ಏಳುತ್ತಿರುವಾಗಲೇ ಶಿಕ್ಷಕರನ್ನು ಅಂಥ ತರಬೇತಿಗೆ ಕಳುಹಿಸಿದರೆ ಉಪಕರಣಗಳ ಪೆಟ್ಟಿಗೆ ಬಂದ ದಿನವೇ ತೆರೆಯುತ್ತದೆ.

ಇನ್ನು ಬಡಾವಣೆಯಲ್ಲಿ ಈಗಾಗಲೇ ಹಳೆಯ ಶಾಲೆಯೊಂದಿದ್ದರೆ ಅದನ್ನು ಕೆಡವುವ ದಿನಾಂಕ. ಮಕ್ಕಳು ನಡೆದು ಹೋಗಬಲ್ಲಷ್ಟು ಹತ್ತಿರದಲ್ಲಿ ತಾತ್ಕಾಲಿಕ ತರಗತಿಗಳು ಆರಂಭವಾಗುವ ಮೊದಲು ಅದಕ್ಕೆ ಒಪ್ಪಿಗೆ ಕೊಡಬಾರದು. ಈ ಷರತ್ತನ್ನು ಗುತ್ತಿಗೆ ಪತ್ರದಲ್ಲಿಯೇ ಬರೆಸಿ, ಅದರ ಪ್ರತಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಬಳಿ ಇಟ್ಟುಕೊಳ್ಳಬೇಕು.