ನೀಲಗಿರಿಯ ಉಗಿಬಂಡಿ: ಕ್ಯಾಮೆರಾ ಹಿಡಿದು ಹತ್ತುವವರಿಗೆ

ಮೈಸೂರು, ಬೆಂಗಳೂರಿನಿಂದ ಊಟಿಗೆ ಹೋಗುವ ನಮ್ಮವರಲ್ಲಿ ಅನೇಕರು ಪುಟ್ಟ ರೈಲನ್ನು ಹತ್ತುವುದು ಊಟಿಯಲ್ಲಿ, ಇಳಿಯುವುದು ಕೂನೂರಿನಲ್ಲಿ. ಆ 18 ಕಿ.ಮೀ. ದಾರಿಯಲ್ಲಿ ಗಾಡಿಗೆ ಕಟ್ಟುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಓಡುವುದು ಅದಕ್ಕೂ ಕೆಳಗೆ, ಮೆಟ್ಟುಪಾಳಯಂನಿಂದ ಕೂನೂರಿನವರೆಗಿನ ಸುಮಾರು 28 ಕಿ.ಮೀ.ಯಲ್ಲಿ. ಉಗಿಯ ಫೋಟೊ ಬೇಕೆಂದು ಊಟಿಗೆ ಹೋದವರು ಬರಿಗೈಲಿ ಬರುವುದು ಇದೇ ಕಾರಣಕ್ಕೆ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ಹತ್ತುವ ಊರನ್ನು ಬದಲಿಸುವುದು.

ಯಾವ ಗಾಡಿ, ಯಾವ ದಿಕ್ಕು

ಮೆಟ್ಟುಪಾಳಯಂನಿಂದ ಬೆಳಿಗ್ಗೆ 7.10ಕ್ಕೆ ಹೊರಡುವ ಗಾಡಿ ಮಧ್ಯಾಹ್ನದ ಹೊತ್ತಿಗೆ ಊಟಿ ಸೇರುತ್ತದೆ. ಮಧ್ಯಾಹ್ನ 2ಕ್ಕೆ ಊಟಿಯಿಂದ ಹೊರಡುವ ಗಾಡಿಗೂ ಕೂನೂರಿನಿಂದ ಕೆಳಗೆ ಉಗಿ ಎಂಜಿನ್ನೇ ಇರುತ್ತದೆ. ಆದರೆ ಇಳಿಜಾರಿನಲ್ಲಿ ಎಂಜಿನ್ನಿಗೆ ಇರುವುದು ಗಾಡಿಯನ್ನು ತಡೆದು ಹಿಡಿಯುವ ಕೆಲಸ. ಚಿಮಣಿಯಿಂದ ಉಗಿ ಬುಸುಗುಟ್ಟಿಕೊಂಡು ಏಳುವುದು ಹತ್ತುವಾಗ. ಒಂದೇ ಸಲ ಹೋಗುವುದಾದರೆ ಬೆಳಗಿನ ಗಾಡಿಯನ್ನೇ ಹಿಡಿಯಿರಿ.

ಟಿಕೆಟ್ ಐಆರ್‌ಸಿಟಿಸಿಯಲ್ಲಿ ಸಿಗುತ್ತದೆ. ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ರಜೆಯ ದಿನಗಳ ಸೀಟುಗಳು ತೆರೆದ ಕೂಡಲೇ ಖಾಲಿಯಾಗುತ್ತವೆ, ಆದ್ದರಿಂದ ವಾರದ ನಡುವಿನ ದಿನ ನೋಡುವುದು ಒಳ್ಳೆಯದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಕಲ್ಲಾರ್–ಕೂನೂರು ನಡುವೆ ಗುಡ್ಡ ಕುಸಿದು ಗಾಡಿ ರದ್ದಾಗುವುದು ಸಾಮಾನ್ಯ. ಜನವರಿ, ಫೆಬ್ರುವರಿ ಎಲ್ಲಕ್ಕಿಂತ ಒಳ್ಳೆಯ ಕಾಲ: ಆಕಾಶ ತಿಳಿಯಾಗಿರುತ್ತದೆ, ಬೆಳಗಿನ ಗಾಳಿ ತಂಪಾಗಿರುತ್ತದೆ. ಗಾಳಿ ತಣ್ಣಗಿದ್ದಷ್ಟೂ ಉಗಿ ಬೇಗ ಹನಿಗಟ್ಟಿ ದಟ್ಟವಾಗಿ ಕಾಣುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಅದೇ ಉಗಿ ಚಿಮಣಿಯಿಂದ ಎರಡು ಮಾರು ಏಳುವಷ್ಟರಲ್ಲಿ ಕರಗಿಹೋಗುತ್ತದೆ.

ಬ್ಯಾಗಿನಲ್ಲಿ ಏನಿರಬೇಕು

ಬೋಗಿಗಳು ಚಿಕ್ಕವು, ಎದುರು ಕೂತವರ ಮೊಣಕಾಲು ತಗಲುವಷ್ಟು ಇಕ್ಕಟ್ಟು. ಟ್ರೈಪಾಡ್ ಮನೆಯಲ್ಲೇ ಇರಲಿ. 18–135 ಎಂ.ಎಂ. ತರಹದ ಒಂದೇ ಝೂಮ್ ಲೆನ್ಸ್ ಸಾಕು, ಎರಡು ಲೆನ್ಸ್ ತಂದರೂ ಗಾಡಿಯೊಳಗೆ ಬದಲಿಸಬೇಡಿ. ದಾರಿಯಲ್ಲಿ 16 ಸುರಂಗಗಳಿವೆ. ಸುರಂಗದೊಳಗೆ ಹೊಗೆ ಕಿಟಕಿಯಿಂದ ನುಗ್ಗುತ್ತದೆ, ಲೆನ್ಸ್ ಬಿಚ್ಚಿದ್ದರೆ ಮಸಿ ನೇರ ಸೆನ್ಸರ್ ಮೇಲೆ ಕೂರುತ್ತದೆ. ಮುಂದೆ ಯುವಿ ಫಿಲ್ಟರ್ ಹಾಕಿ, ಒರೆಸಲು ಎರಡು ಬಟ್ಟೆ ಇಟ್ಟುಕೊಳ್ಳಿ. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಬೇಡ. ಅದು ಒಂದೂವರೆ, ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ), ಕಾಡಿನ ನೆರಳಿನಲ್ಲಿ ಅಷ್ಟು ಬೆಳಕನ್ನು ಬಿಟ್ಟುಕೊಡಲಾಗದು.

ಮೆಟ್ಟುಪಾಳಯಂ ಬರೀ 326 ಮೀಟರ್ ಎತ್ತರದಲ್ಲಿದೆ, ಅಲ್ಲಿ ಸೆಕೆ. ಎ.ಸಿ. ರೂಮಿನಿಂದ ಕ್ಯಾಮೆರಾ ಹೊರತಂದ ಕೂಡಲೇ ಲೆನ್ಸ್ ಬೆವರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಬ್ಯಾಗನ್ನು ಮುಚ್ಚಿದ ಹಾಗೆಯೇ ಹೊರಗಿಡಿ.

ಹೊರಡುವ ಮೊದಲಿನ ಒಂದು ಗಂಟೆ

6 ಗಂಟೆಗೆಲ್ಲ ಪ್ಲಾಟ್‌ಫಾರ್ಮಿನಲ್ಲಿರಿ. ಎಂಜಿನ್ ಹುಡುಕಿಕೊಂಡು ಗಾಡಿಯ ಮುಂದಕ್ಕೆ ಓಡಬೇಡಿ, ಅದು ಹಿಂದಿರುತ್ತದೆ. ಕೊಕ್ಕೆ ಕಳಚಿದರೂ ಬೋಗಿಗಳು ಕೆಳಗೆ ಉರುಳದಿರಲಿ ಎಂದು ಎಂಜಿನ್ ಯಾವಾಗಲೂ ಇಳಿಜಾರಿನ ಕಡೆಯೇ ಇದ್ದು ಗಾಡಿಯನ್ನು ತಳ್ಳುತ್ತದೆ.

ಇವು 'ಎಕ್ಸ್' ವರ್ಗದ ಎಂಜಿನ್‌ಗಳು. ಹಳೆಯವು ಸ್ವಿಟ್ಜರ್ಲೆಂಡಿನ ವಿಂಟರ್‌ಥರ್‌ನಲ್ಲಿ ತಯಾರಾದವು, ಹೊಸವು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯವು. ಪಕ್ಕದಿಂದ ನೋಡಿದರೆ ಒಂದರ ಮೇಲೊಂದು ಎರಡು ಸಿಲಿಂಡರ್ ಕಾಣುತ್ತವೆ. ಕೆಳಗಿನದು ಹಳಿಯ ಮೇಲಿನ ಗಾಲಿಗಳನ್ನು ತಿರುಗಿಸುತ್ತದೆ. ಅದರಲ್ಲಿ ಒಮ್ಮೆ ದುಡಿದ ಉಗಿ ಮೇಲಿನ ಸಿಲಿಂಡರಿಗೆ ಹೋಗಿ, ಹಳಿಗಳ ನಡುವಿನ ಹಲ್ಲುಗಳಿರುವ ರ್‍ಯಾಕ್ ಪಟ್ಟಿಗೆ ಸಿಕ್ಕಿಕೊಳ್ಳುವ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಈ ಜೋಡಿಯನ್ನು ಹತ್ತಿರದಿಂದ ತೆಗೆಯಲು ಮೆಟ್ಟುಪಾಳಯಂನಂಥ ಜಾಗ ಮುಂದೆ ಸಿಗದು. ಬೆಳಕು ಮೆದುವಾಗಿರುತ್ತದೆ, ಗಾಡಿ ನಿಂತಿರುತ್ತದೆ. ಅಪರ್ಚರ್ ಎಫ್/5.6ರಿಂದ 8, ಐಎಸ್ಒ 800ರ ಸುತ್ತಮುತ್ತ, ಫೋಕಸ್ ಒಂದೇ ಪಾಯಿಂಟ್. ಆ ಪಾಯಿಂಟನ್ನು ಎಂಜಿನ್ನಿನ ನಂಬರಿನ ಮೇಲೋ ಬಫರಿನ ಮೇಲೋ ಇಡಿ. ಕ್ಯಾಮೆರಾಕ್ಕೇ ಬಿಟ್ಟರೆ ಅದು ಅಲುಗಾಡುವ ಉಗಿಯನ್ನು ಹಿಡಿಯಲು ಹೋಗಿ ಎಂಜಿನ್ನನ್ನು ಮಸುಕು ಮಾಡುತ್ತದೆ.

ಕಲ್ಲಾರ್ ದಾಟಿದ ಮೇಲೆ

ಮೊದಲ ಎಂಟು ಕಿಲೋಮೀಟರ್ ಸಮತಟ್ಟು, ಅಡಿಕೆ ತೋಟಗಳ ನಡುವಿನ ದಾರಿ. ಕಲ್ಲಾರ್‌ನಲ್ಲಿ ಗಾಡಿ ನಿಧಾನಿಸಿ ರ್‍ಯಾಕ್ ಪಟ್ಟಿಗೆ ಹಲ್ಲು ಕೂಡಿಸಿಕೊಳ್ಳುತ್ತದೆ, ಅಲ್ಲಿಂದ ಕೂನೂರಿನವರೆಗೂ ಏರು. ಅತಿ ಕಡಿದಾದಲ್ಲಿ 12 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ವೇಗ ಗಂಟೆಗೆ 10–13 ಕಿ.ಮೀ. ಇಷ್ಟು ನಿಧಾನಕ್ಕೆ ಶಟರ್ ಹೇಗಿದ್ದರೂ ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ, ನಡೆಯುವುದಿಲ್ಲ. 13 ಕಿ.ಮೀ. ಎಂದರೆ ಸೆಕೆಂಡಿಗೆ 3.6 ಮೀಟರ್. ಸೆಕೆಂಡಿನ 1/250ರಲ್ಲೇ ಗಾಡಿ 14 ಮಿ.ಮೀ. ಸರಿದಿರುತ್ತದೆ, ಕಿಟಕಿಯ ಪಕ್ಕದ ಬಂಡೆ, ಜರೀಗಿಡ ಕಲಸಿಹೋಗಲು ಅಷ್ಟು ಸಾಕು. ಹತ್ತಿರದ್ದಕ್ಕೆ 1/1000, ಕಣಿವೆಯಾಚೆಯ ಬೆಟ್ಟಕ್ಕೆ 1/500 ಇಡಿ, ಐಎಸ್ಒ ಆಟೊದಲ್ಲಿ 3200ರವರೆಗೆ ಏರಲಿ. ಹಲ್ಲುಚಕ್ರದ ನಡುಕ ಇಡೀ ಬೋಗಿಗೆ ಹರಡುವುದರಿಂದ ಕ್ಯಾಮೆರಾವನ್ನು ಕಿಟಕಿಯ ಚೌಕಟ್ಟಿಗೆ ಒರಗಿಸಬೇಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದರೆ ನಡುಕವನ್ನು ಮೈ ಹೀರಿಕೊಳ್ಳುತ್ತದೆ.

ಓಡುವ ಗಾಡಿಯಿಂದ ಎಂಜಿನ್ ಕಾಣುವುದು ತಿರುವುಗಳಲ್ಲಿ ಮಾತ್ರ. ಇಡೀ ಮಾರ್ಗದಲ್ಲಿ 208 ತಿರುವುಗಳಿವೆ, ಆದ್ದರಿಂದ ಅವಕಾಶಕ್ಕೆ ಕೊರತೆಯಿಲ್ಲ. ಗಾಡಿ ಎಡಕ್ಕೆ ತಿರುಗಿದರೆ ಎಡಗಿಟಕಿಯವರಿಗೆ, ಬಲಕ್ಕೆ ತಿರುಗಿದರೆ ಬಲಗಿಟಕಿಯವರಿಗೆ ಎಂಜಿನ್ ಸಿಗುತ್ತದೆ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಉಪಗ್ರಹ ನಕ್ಷೆ ತೆರೆದು ಕಲ್ಲಾರ್, ಆಡರ್ಲಿ, ಹಿಲ್‌ಗ್ರೋವ್ ನಡುವಿನ ದೊಡ್ಡ ತಿರುವುಗಳು ಯಾವ ಕಡೆಗಿವೆ ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಬೋಗಿಯಲ್ಲಿ ಸೀಟು ಸಿಕ್ಕರೆ ತಿರುವಿನಲ್ಲಿ ಇಡೀ ಗಾಡಿ ಬಿಲ್ಲಿನ ಹಾಗೆ ಬಾಗಿ ಚೌಕಟ್ಟಿಗೆ ಬರುತ್ತದೆ. ಹಿಂದಿನ ಬೋಗಿಯಾದರೆ ಎಂಜಿನ್ ತೀರ ಹತ್ತಿರ, ಸದ್ದು ಕೇಳಲು ಚೆನ್ನ, ಫೋಟೊಕ್ಕೆ ಅಷ್ಟಕ್ಕಷ್ಟೆ. ತಲೆ, ಕೈ ಹೊರಗೆ ಚಾಚುವಂತಿಲ್ಲ. ಸುರಂಗದ ಗೋಡೆ, ಕಡಿದ ಬಂಡೆ ಕಿಟಕಿಗೆ ಅಷ್ಟು ಸಮೀಪ ಹಾಯುತ್ತವೆ. ಕ್ಯಾಮೆರಾದ ಪಟ್ಟಿ ಕುತ್ತಿಗೆಯಲ್ಲೇ ಇರಲಿ.

ಪ್ರತಿ ಬೋಗಿಯ ಮುಂದಿನ ಕಟ್ಟೆಯಲ್ಲಿ ಬ್ರೇಕ್ ಹಾಕುವ ಒಬ್ಬ ಬ್ರೇಕ್ಸ್‌ಮನ್ ನಿಂತಿರುತ್ತಾರೆ. ಎಂಜಿನ್ ಹಿಂದಿರುವ ಕಾರಣ ಚಾಲಕರಿಗೆ ಮುಂದಿನ ದಾರಿ ಕಾಣದು. ಹಸಿರು, ಕೆಂಪು ಬಾವುಟದ ಸಂಕೇತ ಒಬ್ಬರಿಂದ ಒಬ್ಬರಿಗೆ ದಾಟಿ ಅವರನ್ನು ಮುಟ್ಟುತ್ತದೆ. ಈ ಮಾರ್ಗದ ಅತಿ ಚೆಂದದ ಚಿತ್ರ ನಮ್ಮ ಪ್ರಕಾರ ಇದೇ: ತಿರುವಿನಲ್ಲಿ ಸಾಲಾಗಿ ಹೊರಬರುವ ಬಾವುಟಗಳು, ಹಿಂದೆ ಉಗಿ. ಫೋಟೊ ತೆಗೆಯುತ್ತೇವೆಂದು ಹತ್ತುವ ಮೊದಲೇ ಆ ಬಾವುಟದವರಿಗೊಂದು ಮಾತು ಹೇಳಿಡಿ.

ಬಿಳಿ ಉಗಿ, ಕರಿ ಎಂಜಿನ್

ಮಾರ್ಗ ಒಟ್ಟಾರೆ ಪಶ್ಚಿಮಕ್ಕೆ ಏರುತ್ತದೆ. ಬೆಳಿಗ್ಗೆ ಹಿಂದಿರುಗಿ ಎಂಜಿನ್ ಕಡೆ ನೋಡಿದರೆ ಸೂರ್ಯ ಬಹುತೇಕ ಎದುರಿಗೇ. ಇದು ವರವೂ ಹೌದು: ಎದುರು ಬೆಳಕಿನಲ್ಲಿ ಉಗಿ ಅಂಚಂಚೂ ಹೊಳೆಯುತ್ತದೆ. ಕ್ಯಾಮೆರಾ ಮಾತ್ರ ಕರಿ ಎಂಜಿನ್ ನೋಡಿ ಬೆಳಕು ಹೆಚ್ಚಿಸುತ್ತದೆ, ಉಗಿ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಕ್ಯಾಮೆರಾದ ಬೆಳಕಿನ ಲೆಕ್ಕವನ್ನು ಏರಿಸಿ ಇಳಿಸುವ ಸೆಟ್ಟಿಂಗ್) –0.7ರಿಂದ –1ಕ್ಕೆ ಇಳಿಸಿ, ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಎಂಜಿನ್ನಿನ ಕಪ್ಪನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ಯಾವ ಆ್ಯಪೂ ತಂದುಕೊಡದು. ಕೂನೂರು ಹತ್ತಿರವಾದಂತೆ ಮಂಜು ಕವಿದರೆ ಲೆಕ್ಕ ತಲೆಕೆಳಗು: +0.7 ಇಡಿ, ಉಗಿಯ ಹಿಂದೆ ದಟ್ಟ ಮರವೋ ಬಂಡೆಯೋ ಬರುವವರೆಗೆ ಕಾಯಿರಿ. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ.

ಸುರಂಗದ ಬಾಯಿಯಲ್ಲಿ ಆಟೊ ಮೋಡ್ ಗಲಿಬಿಲಿಗೊಳ್ಳುತ್ತದೆ. ಒಳಹೋಗುವ ಮೊದಲೇ ಹೊರಗಿನ ಬೆಳಕಿಗೆ ಮ್ಯಾನ್ಯುಯಲ್‌ನಲ್ಲಿ ಹೊಂದಿಸಿಟ್ಟರೆ ಆಚೆ ಬಾಯಿಯ ಕಮಾನು ಸರಿಯಾಗಿ ಬರುತ್ತದೆ.

ನೀರು ತುಂಬುವ ನಿಲುಗಡೆ

ಒಮ್ಮೆ ಚಿಮಣಿ ಸೇರಿದ ಉಗಿ ಮರಳಿ ಬರುವುದಿಲ್ಲ, ಆದ್ದರಿಂದ ಎಂಜಿನ್ ದಾರಿಯಲ್ಲಿ ನೀರಿಗೆ ನಿಲ್ಲಲೇಬೇಕು. ಹಿಲ್‌ಗ್ರೋವ್‌ನಲ್ಲಿ ಸಿಗುವ ಕೆಲವು ನಿಮಿಷಗಳು ಇಡೀ ಪ್ರಯಾಣದಲ್ಲಿ ಅಮೂಲ್ಯ. ಎಲ್ಲರೂ ಚಹಾದ ಕಡೆ ನಡೆದರೆ ನೀವು ನೇರ ಎಂಜಿನ್ ಬಳಿಗೆ ಹೋಗಿ. ಮೊದಲು ನೀರು ಬೀಳುವುದನ್ನು, ಆಮೇಲೆ ಎಣ್ಣೆಯ ಕ್ಯಾನ್ ಹಿಡಿದು ಕೀಲುಗಳನ್ನು ಮುಟ್ಟಿ ನೋಡುವ ಸಿಬ್ಬಂದಿಯನ್ನು, ಕೊನೆಗೆ ಹಳಿಗಳ ನಡುವಿನ ರ್‍ಯಾಕ್ ಪಟ್ಟಿಯನ್ನು ತೆಗೆಯಿರಿ. ಪಟ್ಟಿ ಒಂದಲ್ಲ, ಎರಡು. ಒಂದರ ಹಲ್ಲಿನ ಪಕ್ಕ ಇನ್ನೊಂದರ ಸಂದು ಬರುವಂತೆ ಜೋಡಿಸಿದ್ದಾರೆ. ಹಲ್ಲುಚಕ್ರ ಯಾವ ಕ್ಷಣದಲ್ಲೂ ಹಿಡಿತ ತಪ್ಪದಿರಲು ಆಬ್ಟ್ ಪದ್ಧತಿಯ ಈ ಉಪಾಯವೇ ಕಾರಣ. ಪ್ಲಾಟ್‌ಫಾರ್ಮಿನಿಂದಲೇ ಬಗ್ಗಿ ತೆಗೆಯಿರಿ. ಹಳಿಗೆ ಇಳಿಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ. ಕೋತಿಗಳು ಕೈಯಲ್ಲಿನ ಪೊಟ್ಟಣಕ್ಕೆ ಹಾರುತ್ತವೆ. ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಕ್ಯಾಮೆರಾ ಬೇಡ.

ಶಿಳ್ಳೆ ಕೇಳಿದ ಕೂಡಲೇ ಹತ್ತಿಬಿಡಿ. ಕೂನೂರಿನಲ್ಲಿ ಉಗಿ ಎಂಜಿನ್ ಬಿಚ್ಚಿಕೊಳ್ಳುತ್ತದೆ, ಅದು ಬೋಗಿಗಳಿಂದ ಬೇರ್ಪಟ್ಟು ಒಂಟಿಯಾಗಿ ಸಿಗುವುದು ಅಲ್ಲೇ. ಡೀಸೆಲ್ ಕೂಡಿಕೊಳ್ಳುವಷ್ಟರಲ್ಲಿ ಆ ಚಿತ್ರ ಮುಗಿಸಿಕೊಳ್ಳಬೇಕು. ಮುಂದಿನ ದಾರಿಯಲ್ಲಿ ಚಹಾ ತೋಟ, ಕೇತಿ ಕಣಿವೆ ಇವೆ, ವೇಗವೂ ಹೆಚ್ಚು. ಅಲ್ಲಿಂದಾಚೆಗೆ ಶಟರ್ 1/1000ಕ್ಕಿಂತ ಕೆಳಗೆ ಇಳಿಸಬೇಡಿ.